ಮಂಗಳೂರಿನ ಮನೆಯಲ್ಲಿ 6 ಅಡಿಯ ರೀಫ್ ಟ್ಯಾಂಕ್: ಬಾವಿ ನೀರಿಂದ ಸುರು ಮಾಡಿ ಗ್ಲಾಸಿನವರೆಗೆ

ರೀಫ್ ಟ್ಯಾಂಕ್ ಅಂದ್ರೆ ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಗ್ಲಾಸ್ ಟ್ಯಾಂಕ್. ನನ್ನ ಟ್ಯಾಂಕಿಗೆ ನೀರು ತುಂಬಿಸಿ ಆಗಿದೆ, ಉಪ್ಪು 35ರಲ್ಲಿ (ಸಾವಿರದಲ್ಲಿ 35 ಪಾಲು) ನಿಂತಿದೆ, ಪಂಪ್ ಓಡ್ತಾ ಉಂಟು, ಮೀನು ಮಾತ್ರ ಒಂದೂ ಇಲ್ಲ. ಮೀನಿಗೆ ವಿಷವಾದ ಅಮೋನಿಯಾವನ್ನು ಬ್ಯಾಕ್ಟೀರಿಯಾ ತಿಂದು ಇಳಿಸುವವರೆಗೆ ಕಾಯುದು ಬಿಟ್ಟು ಬೇರೆ ಕೆಲಸ ಇಲ್ಲ, ಹಾಗಾಗಿ ಇಷ್ಟರವರೆಗೆ ಆದದ್ದನ್ನು ಅಳತೆ, ಖರ್ಚು, ಹಾಳಾದದ್ದು ಎಲ್ಲ ಸೇರಿಸಿ ಬರೆದಿಡ್ತೇನೆ. ಕರಾವಳಿಯಲ್ಲಿ ಯಾರಾದ್ರೂ ದೊಡ್ಡ ಉಪ್ಪುನೀರಿನ ಟ್ಯಾಂಕ್ ಮಾಡುವ ಯೋಚನೆಯಲ್ಲಿದ್ರೆ ಅವರಿಗೆ ಬೇಕಾಗಬಹುದು, ಯಾಕಂದ್ರೆ ಹೊರಗಿನವರ ಬಿಲ್ಡ್ ನೋಡಿ ಅದೇ ರೀತಿ ಇಲ್ಲಿ ಮಾಡ್ಲಿಕ್ಕೆ ಹೋದ್ರೆ ಅರ್ಧ ಸಂಗತಿ ಕೆಲಸಕ್ಕೆ ಬರುದಿಲ್ಲ.

ಒಂದು ಮಾತು ಮೊದಲೇ ಹೇಳ್ತೇನೆ, ಗ್ಲಾಸ್ ಆರ್ಡರ್ ಮಾಡುದು ಎಲ್ಲಕ್ಕಿಂತ ಕೊನೆಗೆ. ಗೋಡೆ ಎಷ್ಟು ಉದ್ದ ಉಂಟು ಅಂತ ಟೇಪ್ ಹಿಡಿದು ಅದರ ಮೇಲೆ ಟ್ಯಾಂಕಿನ ಸೈಜ್ ನಿರ್ಧಾರ ಮಾಡ್ಬೇಡಿ. ದಿನಕ್ಕೆ ಎಷ್ಟು ಶುದ್ಧ ನೀರು ತಯಾರಾಗ್ತದೆ, ಏಪ್ರಿಲ್ ಮೇ ಸೆಕೆಯಲ್ಲಿ ಎಷ್ಟು ಲೀಟರ್ ತಣ್ಣಗೆ ಇಡ್ಲಿಕ್ಕೆ ಆಗ್ತದೆ, ಕರೆಂಟು ಹೋದ್ರೆ ಎಷ್ಟು ಗಂಟೆ ಪಂಪ್ ಓಡ್ತದೆ, ನೆಲ ಎಷ್ಟು ಭಾರ ಹೊರ್ತದೆ, ಈ ನಾಲ್ಕರಲ್ಲಿ ಯಾವುದು ಕಮ್ಮಿಯೋ ಅದೇ ಟ್ಯಾಂಕಿನ ಸೈಜ್. ನಾನು 8 ಅಡಿ ಅಂತ ಸುರು ಮಾಡಿದ್ದು, ಈ ನಾಲ್ಕು ಲೆಕ್ಕ ಮುಗಿಯುವಾಗ 6 ಅಡಿಗೆ ಬಂತು. 180 ಸೆಂಟಿಮೀಟರ್ ಉದ್ದ, 75 ಅಗಲ, 60 ಎತ್ತರ. ಸಂಪ್ (ಟ್ಯಾಂಕಿನ ಕೆಳಗೆ ಇಡುವ, ಫಿಲ್ಟರ್ ಕೆಲಸದ ಸಣ್ಣ ಟ್ಯಾಂಕ್) ಸೇರಿಸಿ ಓಡುವ ನೀರು ಸುಮಾರು 800 ಲೀಟರ್. 6 ಅಡಿಗಿಂತ ಕಮ್ಮಿ ಮಾಡ್ಲಿಕ್ಕೆ ಮನಸ್ಸಿರ್ಲಿಲ್ಲ, ಟ್ಯಾಂಗ್ ಜಾತಿಯ ಮೀನಿಗೆ ಎತ್ತರಕ್ಕಿಂತ ಉದ್ದ ಬೇಕು, ಅದು ಇಡೀ ದಿನ ಆ ತುದಿಯಿಂದ ಈ ತುದಿಗೆ ಈಜುವ ಮೀನು.

ಹಂತ 1: ಏನು ಸಾಕುದು, ಏನು ಸಾಕ್ಲಿಕ್ಕಿಲ್ಲ

ಇದನ್ನು ಮೊದಲು ಮುಗಿಸಿ, ಯಾಕಂದ್ರೆ ಲೈಟ್‌ನಿಂದ ಹಿಡಿದು ಎಲ್ಲ ಖರ್ಚೂ ಇದರ ಮೇಲೆ ನಿಂತಿರ್ತದೆ. ನಮ್ಮ ದೇಶದಲ್ಲಿ ಗಟ್ಟಿ ಹವಳ ಅಂದ್ರೆ ಹಾರ್ಡ್ ಕೋರಲ್ ಎಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಶೆಡ್ಯೂಲಿನಲ್ಲಿ ಉಂಟು, 2001ರಲ್ಲಿ ಸೇರಿಸಿದ್ದು. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಕಪ್ಪು ಹವಳ, ಸೀ ಫ್ಯಾನ್, ಫೈರ್ ಕೋರಲ್, ಆರ್ಗನ್ ಪೈಪ್, ಸಮುದ್ರಕುದುರೆ, ಸಮುದ್ರಸೌತೆ ಎಲ್ಲ ಅದರಲ್ಲೇ. ಹಾಗಾಗಿ ಹೊರದೇಶದವರ ಎಸ್‌ಪಿಎಸ್ ಅಂದ್ರೆ ಗಟ್ಟಿ ಹವಳದ ಟ್ಯಾಂಕಿನ ಫೋಟೋ ನೋಡಿ ಆಸೆಪಡ್ಲಿಕ್ಕಿಲ್ಲ. ಯಾರಾದ್ರೂ "ಮಾಲು ಉಂಟು" ಅಂತ ಮೆಲ್ಲ ಹೇಳಿದ್ರೆ ಅಲ್ಲಿಂದಲೇ ವಾಪಾಸ್ ಬನ್ನಿ. ಸಮುದ್ರದಿಂದ ಎತ್ತಿದ ಲೈವ್ ರಾಕ್ (ಜೀವಿಗಳು ಹಿಡಿದ ಕಲ್ಲು) ಸಹ ಹವಳದ ಅಸ್ಥಿಯೇ, ಅದೂ ಬೇಡ.

ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ಬಂದವರು ನನ್ನ ಹತ್ರ "ಅಲ್ಲಿ ಕಲ್ಲಿನಲ್ಲಿ ಎಷ್ಟುಂಟು ಗೊತ್ತುಂಟಾ, ಒಂದು ಸಣ್ಣ ತುಂಡು ತಂದ್ರೆ ಎಂತ ಆಗ್ತದೆ" ಅಂತ ಕೇಳಿದ್ದುಂಟು. ಅಲ್ಲಿ ಇರುದೇ ಅಷ್ಟು ಮಾರಾಯ್ರೆ. ಮುರುಡೇಶ್ವರದಿಂದ ಬೋಟಲ್ಲಿ ಹೋಗಿ ನೋಡಿ ಬರುವ ಭಾಗ್ಯ ನಮ್ಮ ಜಿಲ್ಲೆಗಳಿಗೆ ಉಂಟು, ಅದನ್ನು ಮನೆಗೆ ತರುದಲ್ಲ.

ನನ್ನ ಪಟ್ಟಿ ಇಷ್ಟೆ: ಮೆತ್ತನೆ ಹವಳ ಅಂದ್ರೆ ಸಾಫ್ಟ್ ಕೋರಲ್‌ನಲ್ಲಿ ಲೆದರ್, ಸಿನುಲೇರಿಯಾ, ಝೆನಿಯಾ, ಮತ್ತೆ ಝೋವ, ಮಶ್ರೂಮ್ ಹವಳ. ಅದೂ ಬೇರೆಯವರ ಟ್ಯಾಂಕಿನಲ್ಲಿ ಬೆಳೆದು ತುಂಡು ಮಾಡಿದ್ದು ಮಾತ್ರ. ಮೀನು ಸಹ ಹ್ಯಾಚರಿಯ ಕ್ಲೌನ್‌ನಿಂದ ಸುರು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಜಂ ಕಡೆ ಕ್ಲೌನ್ ಮೀನಿನ ಮರಿ ಮಾಡುದನ್ನು ವರ್ಷಗಳ ಹಿಂದೆಯೇ ಸಾಧಿಸಿದ್ದಾರೆ, ಮರಿ ಮಾಡಿದ ಮೀನು ಸಿಗುವಾಗ ಸಮುದ್ರದಿಂದ ಹಿಡಿದದ್ದು ಯಾಕೆ. ಹ್ಯಾಚರಿ ಮೀನು ಒಣ ಆಹಾರ ತಿಂದೇ ಬೆಳೆದದ್ದು, ಬಂದ ದಿನವೇ ತಿನ್ನಲಿಕ್ಕೆ ಸುರು ಮಾಡ್ತದೆ.

ಹಂತ 2: ನೀರು

"ಸಮುದ್ರ ಇಷ್ಟು ಹತ್ರ ಇರುವಾಗ ಉಪ್ಪಿನ ಬಕೆಟ್ ಎಂತಕ್ಕೆ?" ಇದು ಮನೆಗೆ ಬಂದ ಎಲ್ಲರ ಪ್ರಶ್ನೆ. ನಾನು ಸಹ ಹಾಗೇ ಯೋಚಿಸಿ ಉಪ್ಪಿನ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರ್ ಹಿಡಿದು ಬೀಚಿಗೆ ಹೋಗಿ ನೋಡಿದೆ. ಫೆಬ್ರವರಿಯಲ್ಲಿ 34-35 ಇತ್ತು, ಭಾರೀ ಖುಷಿ ಆಯ್ತು. ಅದೇ ಜಾಗದಲ್ಲಿ ಜುಲೈಯಲ್ಲಿ 20ರ ಹತ್ರ, ಬಣ್ಣ ಚಹಾದ ಹಾಗೆ. ನೇತ್ರಾವತಿ, ಫಲ್ಗುಣಿ ಎರಡೂ ಇಲ್ಲಿಯೇ ಸಮುದ್ರ ಸೇರುದು, ಮಳೆಗಾಲದಲ್ಲಿ ಘಟ್ಟದ ಮಣ್ಣೆಲ್ಲ ಅಳಿವೆಯಿಂದ ಹೊರಗೆ ಬರ್ತದೆ. ವರ್ಷದಲ್ಲಿ ನಾಲ್ಕೈದು ತಿಂಗಳು ನಂಬ್ಲಿಕ್ಕೆ ಆಗದ ನೀರಿನ ಮೇಲೆ 800 ಲೀಟರ್ ಟ್ಯಾಂಕ್ ನಿಲ್ಲಿಸುದು ಬೇಡ ಅಂತ ಬಿಟ್ಟೆ. ಬಂದರು, ಫ್ಯಾಕ್ಟರಿ ಕಡೆಯ ನೀರಿನಲ್ಲಿ ಎಂತೆಲ್ಲ ಇರ್ತದೆ ಅಂತ ಮನೆಯಲ್ಲಿ ಅಳೆಯಲಿಕ್ಕೂ ಆಗುದಿಲ್ಲ.

ಹಾಗಾಗಿ ಬಾವಿ ನೀರು, ಆರ್‌ಓ, ಡಿಐ, ಅದಕ್ಕೆ ರೀಫ್ ಸಾಲ್ಟ್. ಆರ್‌ಓ ಅಂದ್ರೆ ಮೆಂಬ್ರೇನಿನಲ್ಲಿ ನೀರು ಸೋಸುದು, ಡಿಐ ಅಂದ್ರೆ ಉಳಿದ ಲವಣವನ್ನು ರೆಸಿನ್ ಹರಳಿನಲ್ಲಿ ತೆಗೆಯುದು. ಬಾವಿ ನೀರಿನ ಟಿಡಿಎಸ್ (ಕರಗಿದ ಲವಣದ ಅಳತೆ) 46 ಬಂತು. ಬೆಂಗಳೂರಿನ ಬೋರ್‌ವೆಲ್ ನೋಡಿದವರಿಗೆ ಇದು ಅಮೃತ. ಆದ್ರೆ ಡಿಐ ರೆಸಿನ್ ನೋಡನೋಡ್ತಾ ಬಣ್ಣ ಬದಲಾಗಿ ಖಾಲಿ. ಹೊಸದು ತುಂಬಿಸಿದೆ, ಅದೂ ಅಷ್ಟೇ ಬೇಗ ಹೋಯ್ತು. ಮಾರಿದವರು ರೆಸಿನ್ ಹಳೆ ಸ್ಟಾಕ್ ಇರಬಹುದು ಅಂದ್ರು, ಬೇರೆ ಕಡೆಯಿಂದ ತರಿಸಿದ್ರೂ ಅದೇ ಕಥೆ.

ಮತ್ತೆ ಪಿಎಚ್ ನೋಡಿದಾಗ ಗೊತ್ತಾಯ್ತು, 5.8. ನಮ್ಮ ಮುರಕಲ್ಲಿನ ಬಾವಿಗಳ ನೀರು ಹುಳಿ, ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರ್ತದೆ. ಅದು ಗ್ಯಾಸ್ ಆದ ಕಾರಣ ಆರ್‌ಓ ಮೆಂಬ್ರೇನ್ ಅದನ್ನು ತಡೆಯುದಿಲ್ಲ, ಸೀದಾ ಡಿಐಗೆ ಹೋಗಿ ರೆಸಿನ್ ತಿಂದು ಹಾಕ್ತದೆ. ಟಿಡಿಎಸ್ ಮೀಟರಿಗೆ ಇದು ಕಾಣುವುದೂ ಇಲ್ಲ. ಪರಿಹಾರ ಭಾರೀ ಸಣ್ಣದು: 200 ಲೀಟರಿನ ಡ್ರಮ್ಮಿಗೆ ಬಾವಿ ನೀರು ತುಂಬಿಸಿ ಏರ್ ಪಂಪಿನಲ್ಲಿ ರಾತ್ರಿ ಇಡೀ ಗಾಳಿ ಬಿಡುದು. ಬೆಳಿಗ್ಗೆ ಪಿಎಚ್ 7ರ ಹತ್ರ ಬಂದಿರ್ತದೆ, ಡ್ರಮ್ಮಿನ ಅಡಿಯಲ್ಲಿ ಕೆಂಪು ಗಸಿ ಕೂತಿರ್ತದೆ, ಅದು ಕಬ್ಬಿಣ. ಮೇಲಿನ ನೀರು ಮಾತ್ರ ಬೂಸ್ಟರ್ ಪಂಪಿಗೆ. ಇದು ಮಾಡಿದ ಮೇಲೆ ತುಂಬಿಸಿದ ರೆಸಿನ್ ಇನ್ನೂ ಅರ್ಧಕ್ಕಿಂತ ಹೆಚ್ಚು ನೀಲಿ ಉಂಟು, ಸೆಡಿಮೆಂಟ್ ಫಿಲ್ಟರ್ ಸಹ ಮೊದಲಿನ ಹಾಗೆ ಬೇಗ ಕೆಂಪಾಗುದಿಲ್ಲ.

75 ಗ್ಯಾಲನ್ ಮೆಂಬ್ರೇನ್, ದಿನಕ್ಕೆ ನನಗೆ ಸಿಗುದು 180 ಲೀಟರ್ ಆಸುಪಾಸು. ವೇಸ್ಟ್ ನೀರು ತೆಂಗಿನ ಬುಡಕ್ಕೆ ಪೈಪ್ ಮಾಡಿದ್ದೇನೆ.

ಹಂತ 3: ಸೆಕೆ

ಇದನ್ನು ಲೆಕ್ಕ ಹಾಕುವ ಬದಲು ಅಳೆದು ನೋಡಿದೆ. ಏಪ್ರಿಲ್ ಸುರುವಿಗೆ ಟ್ಯಾಂಕ್ ಬರುವ ಕೋಣೆಯಲ್ಲೇ ನೀರು ತುಂಬಿದ ಡ್ರಮ್ ಒಂದು ಇಟ್ಟು, ಅದರಲ್ಲಿ ಪಂಪ್ ಓಡಿಸಿ, ಥರ್ಮಾಮೀಟರ್ ಬಿಟ್ಟೆ. ಮೇಯಲ್ಲಿ ನೀರು 31.5ಕ್ಕೆ ಹೋಯ್ತು. ಮೇಲಿಂದ ಲೈಟ್ ಬಿಸಿ ಸೇರಿದ್ರೆ 32 ದಾಟ್ತದೆ, ಅಷ್ಟರಲ್ಲಿ ಸಾಫ್ಟ್ ಕೋರಲ್ ಮುದುಡ್ಲಿಕ್ಕೆ ಸುರು ಆಗ್ತದೆ, ನೀರಿನಲ್ಲಿ ಆಕ್ಸಿಜನ್ ಸಹ ಕಮ್ಮಿ. ನನಗೆ ಬೇಕಾದ್ದು 26.5.

ಖರ್ಚು ಉಳಿಸುವ ಅಂತ ಮೊದಲು ಫ್ಯಾನ್ ಪ್ರಯೋಗ ಮಾಡಿದೆ. ನೀರಿನ ಮೇಲೆ ಗಾಳಿ ಬೀಸಿದ್ರೆ ಆವಿ ಆಗಿ ತಣ್ಣಗಾಗ್ತದೆ, ಮೈಸೂರು ಬೆಂಗಳೂರಿನಲ್ಲಿ ಇದರಲ್ಲೇ ಮೂರು ನಾಲ್ಕು ಡಿಗ್ರಿ ಇಳಿಸಿದವರಿದ್ದಾರೆ. ಇಲ್ಲಿ ಒಂದು ಡಿಗ್ರಿ, ಹೆಚ್ಚೆಂದ್ರೆ ಒಂದೂವರೆ. ಗಾಳಿಯೇ ಒದ್ದೆ ಇರುವಾಗ ನೀರು ಆವಿ ಆಗುದು ಎಲ್ಲಿಗೆ? ಕರಾವಳಿಯಲ್ಲಿ ಫ್ಯಾನ್ ನಂಬಿ ರೀಫ್ ಮಾಡ್ಬೇಡಿ, ಚಿಲ್ಲರ್ ಬಜೆಟಿನ ಮೊದಲ ಸಾಲಿನಲ್ಲೇ ಬರೀರಿ. ನನ್ನ 8 ಅಡಿ ಪ್ಲಾನ್ ಬಿದ್ದದ್ದು ಇಲ್ಲಿಯೇ, ಅದಕ್ಕೆ 1 ಎಚ್‌ಪಿ ಬೇಕಿತ್ತು, ಯಂತ್ರದ ರೇಟೂ ಕರೆಂಟಿನ ಬಿಲ್ಲೂ ಎರಡೂ ಕೈಗೆ ಸಿಗುವಂಥದ್ದಲ್ಲ.

800 ಲೀಟರಿಗೆ ಅರ್ಧ ಎಚ್‌ಪಿ ಚಿಲ್ಲರ್ ತಗೊಂಡೆ. 800 ಲೀಟರನ್ನು 4 ಡಿಗ್ರಿ ಇಳಿಸ್ಲಿಕ್ಕೆ 3200 ಕಿಲೋಕ್ಯಾಲರಿ, ಅಂದ್ರೆ 3.7 ಯೂನಿಟಿನಷ್ಟು ಶಾಖ ಹೊರಗೆ ಹಾಕ್ಬೇಕು, ಈ ಸೈಜಿನ ಯಂತ್ರಕ್ಕೆ ಅದು ಸುಮಾರು ಮೂರು ಗಂಟೆ ಕೆಲಸ. ಚಿಲ್ಲರನ್ನು ಸ್ಟ್ಯಾಂಡಿನ ಒಳಗೆ ಇಡುವ ಡ್ರಾಯಿಂಗ್ ತುಂಬ ಕಡೆ ಕಾಣ್ತದೆ, ಹಾಗೆ ಮಾಡಿದ್ರೆ ತೆಗೆದ ಬಿಸಿ ವಾಪಾಸ್ ಅದೇ ಕೋಣೆಗೆ, ಅದೇ ನೀರಿಗೆ. ನಾನು ಗೋಡೆಗೆ ತೂತು ತೆಗೆದು ಹಿಂದಿನ ವರ್ಕ್ ಏರಿಯಾದಲ್ಲಿ ಇಟ್ಟೆ. ಪೈಪಿಗೆ ಎಸಿ ಕೆಲಸದವರು ಹಾಕುವ ಕಪ್ಪು ಫೋಮ್ ಸುತ್ತಿ, ಇಲ್ಲದಿದ್ರೆ ಜೂನ್‌ನಲ್ಲಿ ಪೈಪ್ ಬೆವರಿ ಗೋಡೆ ಇಡೀ ಒದ್ದೆ.

ಹಂತ 4: ಕರೆಂಟು

ಮೇಯಲ್ಲಿ ಮಳೆ ಬರುವ ಮೊದಲಿನ ಗುಡುಗು ಸಿಡಿಲು, ಮತ್ತೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುದು, ಇಲ್ಲಿ ಇದು ಹೊಸತಲ್ಲ. ಕರೆಂಟು ಹೋದಾಗ ಮೊದಲು ಕೊಲ್ಲುದು ಸೆಕೆ ಅಲ್ಲ, ಆಕ್ಸಿಜನ್. ಹಾಗಾಗಿ ಇನ್ವರ್ಟರಿಗೆ ಕೊಟ್ಟದ್ದು ಎರಡೇ: ಸಂಪಿನಿಂದ ಟ್ಯಾಂಕಿಗೆ ನೀರು ಏರಿಸುವ ರಿಟರ್ನ್ ಪಂಪ್ 60 ವ್ಯಾಟ್, ನೀರಿನಲ್ಲಿ ಅಲೆ ಎಬ್ಬಿಸುವ ಒಂದು ವೇವ್‌ಮೇಕರ್ 25 ವ್ಯಾಟ್. 150 ಎಎಚ್ ಬ್ಯಾಟರಿ, ಪ್ಯೂರ್ ಸೈನ್‌ವೇವ್ ಇನ್ವರ್ಟರ್. ಮೇನ್ ಆಫ್ ಮಾಡಿ ನಿಜವಾಗಿ ಓಡಿಸಿ ನೋಡಿದೆ, ಸುಮಾರು 11 ಗಂಟೆ ಬಂತು. ಚಿಲ್ಲರ್, ಲೈಟ್ ಇನ್ವರ್ಟರಿನಲ್ಲಿ ಇಲ್ಲ. 800 ಲೀಟರ್ ಅಷ್ಟು ಬೇಗ ಬಿಸಿ ಆಗುದಿಲ್ಲ, ದೊಡ್ಡ ಟ್ಯಾಂಕಿನಲ್ಲಿ ಇರುವ ಒಂದು ಉಪಕಾರ ಅದು.

ಡಿಬಿಯಿಂದ (ಮನೆಯ ಕರೆಂಟು ಹಂಚುವ ಪೆಟ್ಟಿಗೆ) ಬೇರೆ ಲೈನ್ ಎಳೆಸಿ, ಕರೆಂಟು ಸೋರಿದ್ರೆ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿದೆ, ಒಂದಲ್ಲ, ಎರಡು. ಚಿಲ್ಲರ್, ಲೈಟ್ ಒಂದರಲ್ಲಿ, ಪಂಪ್‌ಗಳು ಇನ್ನೊಂದರಲ್ಲಿ. ಚಿಲ್ಲರಿಗೆ ಎಂತಾದ್ರೂ ಆಗಿ ಟ್ರಿಪ್ ಆದ್ರೆ ಪಂಪ್ ನಿಲ್ಲಬಾರದು. ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್, ಹೊಸ ಅರ್ತಿಂಗ್. ಪ್ರತಿ ವಯರ್ ಪ್ಲಗ್ಗಿಗೆ ಹೋಗುವ ಮೊದಲು ಕೆಳಗೆ ಬಾಗಿ ಮೇಲೆ ಹೋಗ್ಬೇಕು, ವಯರ್ ಹಿಡಿದು ಬಂದ ನೀರು ಸಾಕೆಟ್ಟಿಗೆ ಹೋಗದೆ ಕೆಳಗೆ ಬೀಳ್ತದೆ. ಉಪ್ಪುನೀರಿನ ಹತ್ರ ಈ ಹಂತದಲ್ಲಿ ಒಂದು ರೂಪಾಯಿ ಸಹ ಉಳಿಸ್ಬೇಡಿ.

ಹಂತ 5: ನೆಲ ಮತ್ತು ಕಟ್ಟೆ

ಭಾರದ ಲೆಕ್ಕ ಹೀಗೆ. ಗ್ಲಾಸ್ ಬ್ರೇಸಿಂಗ್ ಸೇರಿ 185 ಕೆಜಿ, ನೀರು 720, ಹೊಯಿಗೆ (ಮರಳು) 60, ಕಲ್ಲು 50. ಸಾವಿರದ ಮೇಲೆ ಆಯ್ತು, ಇದು ಸಂಪ್, ಸ್ಟ್ಯಾಂಡ್ ಬಿಟ್ಟು. 1.35 ಚದರ ಮೀಟರ್ ಜಾಗದಲ್ಲಿ ಇಷ್ಟು ಅಂದ್ರೆ ಚದರ ಮೀಟರಿಗೆ 750 ಕೆಜಿ. ಮನೆಯ ಸ್ಲ್ಯಾಬ್ ಡಿಸೈನ್ ಮಾಡುವಾಗ ಭಾರತೀಯ ಮಾನದಂಡ ಐಎಸ್ 875ರ ಪ್ರಕಾರ ಹಿಡಿಯುದು ಚದರ ಮೀಟರಿಗೆ 200 ಕೆಜಿ. ಫ್ಲ್ಯಾಟಿನಲ್ಲಿ ಇರುವವರು ಬೀಮ್ ಎಲ್ಲಿ ಉಂಟು ಅಂತ ಡ್ರಾಯಿಂಗ್ ತೆಗೆಸಿ ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸದೆ ಮುಂದೆ ಹೋಗ್ಲೇ ಬೇಡಿ.

ನಮ್ಮದು ನೆಲದ ಮನೆ, ಹಾಗಾಗಿ ಚಿಂತೆ ಇಲ್ಲ ಅಂತ ಇದ್ದೆ. ಇಂಜಿನಿಯರ್ ಬಂದು ನೋಡಿ ಹೇಳಿದ್ದು ಬೇರೆ: ಪಂಚಾಂಗದ (ಮನೆಯ ಅಡಿಪಾಯದ) ಒಳಗೆ ತುಂಬಿಸಿದ ಮಣ್ಣು, ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟ್, ಅದರ ಮೇಲೆ ಟೈಲ್ಸ್. ತುಂಬಿಸಿದ ಮಣ್ಣು ಒಂದು ಮೂಲೆಯಲ್ಲಿ 3 ಮಿಲಿಮೀಟರ್ ಕೂತ್ರೂ ಗ್ಲಾಸಿನ ಜಾಯಿಂಟ್ ಎಳೀತದೆ. ಆ ಸಂಗತಿ ನನ್ನ ತಲೆಗೇ ಹೋಗಿರ್ಲಿಲ್ಲ.

ಸ್ಟ್ಯಾಂಡಿಗೆ 50x50 ಎಂಎಸ್ ಸ್ಕ್ವೇರ್ ಟ್ಯೂಬ್ ಅಂತ ಡ್ರಾಯಿಂಗ್ ಆಗಿತ್ತು, ಫ್ಯಾಬ್ರಿಕೇಶನಿನವರು ರೇಟ್ ಸಹ ಕೊಟ್ಟಿದ್ರು. ಅದರಲ್ಲಿ ಎರಡು ತೊಂದರೆ. ಮುಂದಿನ ನಡು ಕಾಲು ಇಟ್ರೆ 4 ಅಡಿಯ ಸಂಪ್ ಒಳಗೆ ಹೋಗುದಿಲ್ಲ, ತೆಗೆದ್ರೆ ಮೇಲಿನ ಪೈಪ್ ದಪ್ಪ ಮಾಡ್ಬೇಕು. ಮತ್ತೆ ತುಕ್ಕು, ಇಲ್ಲಿ ಸಮುದ್ರದ ಗಾಳಿಗೇ ಗೇಟ್ ತುಕ್ಕು ಹಿಡೀತದೆ, ಒಳಗೆ ಉಪ್ಪುನೀರು ಚಿಮ್ಮುವಾಗ ಪೇಂಟ್ ಎಷ್ಟು ವರ್ಷ ನಿಲ್ತದೆ?

ನೆಲ ಒಡೀಲಿಕ್ಕೆ ಬಂದ ಮೇಸ್ತ್ರಿಗೆ ಇದನ್ನು ವಿವರಿಸ್ತಾ ಇದ್ದೆ, ಅವರು ಸ್ವಲ್ಪ ಹೊತ್ತು ಕೇಳಿ "ಸಾರ್, ಅಡುಗೆಕೋಣೆ ಕಟ್ಟೆ ಮಾಡಿದ ಹಾಗೆ ಮಾಡಿದ್ರೆ ಆಗುದಿಲ್ವಾ? ಎರಡು ಬದಿ ಕಲ್ಲು ಕಟ್ಟಿ ಮೇಲೆ ಸ್ಲ್ಯಾಬ್ ಎರಕ ಹಾಕುವ. ಕಬ್ಬಿಣ ಎಂತಕ್ಕೆ?" ಅಂದ್ರು. ಈ ಇಡೀ ಪ್ರಾಜೆಕ್ಟಿನಲ್ಲಿ ನನಗೆ ಸಿಕ್ಕಿದ ಅತೀ ಒಳ್ಳೆ ಸಲಹೆ ಅದು. ಇಂಜಿನಿಯರ್ ಸಹ ಅದೇ ಒಳ್ಳೇದು ಅಂತ ಕಂಬಿಯ ಲೆಕ್ಕ ಹಾಕಿ ಕೊಟ್ರು.

ಮಾಡಿದ್ದು ಹೀಗೆ. ಟೈಲ್ಸ್ ಕತ್ತರಿಸಿ ಎರಡು ಕಡೆ ಪಾಯ ತೋಡಿ, ತುಂಬಿಸಿದ ಮಣ್ಣು ದಾಟಿ ಗಟ್ಟಿ ನೆಲ ಸಿಗುವವರೆಗೆ ಹೋದ್ವಿ, ಎರಡು ಅಡಿ ಮೇಲೆಯೇ ಆಯ್ತು. ಅಡಿಗೆ ಜಲ್ಲಿ ಕಾಂಕ್ರೀಟ್, ಅದರ ಮೇಲೆ ಕೆಂಪುಕಲ್ಲಿನ ಗೋಡೆ ಎರಡು, ತಲಾ 20 ಸೆಂಟಿಮೀಟರ್ ದಪ್ಪ, 80 ಆಳ, ನೆಲದಿಂದ 80 ಎತ್ತರ. ನಡುವೆ 150 ಸೆಂಟಿಮೀಟರ್ ಖಾಲಿ, ಸಂಪ್ ಆರಾಮಾಗಿ ಹೋಗಿ ಬದಿಯಲ್ಲಿ ಟಾಪ್‌ಅಪ್ ನೀರಿನ ಬಕೆಟ್ ಸಹ ಕೂರ್ತದೆ. ಮೇಲೆ 190x80 ಸೆಂಟಿಮೀಟರ್, 12.5 ದಪ್ಪದ ಸ್ಲ್ಯಾಬ್, 10 ಎಂಎಂ ಕಂಬಿ. ಅಡಿಗೆ ಕಂಬಿಯ ಕವರ್ 25 ಎಂಎಂ ಬೇಕೇ ಬೇಕು ಅಂತ ನಿಂತು ಹಾಕಿಸಿದೆ, ಉಪ್ಪು ಹವೆ ಮೇಲಕ್ಕೆ ಬರುದು ಅಲ್ಲಿಗೇ. ಒಳಬದಿ ಸಾರಣೆ ಮಾಡಿ ಎಪಾಕ್ಸಿ ಪೇಂಟ್ ಎರಡು ಕೋಟ್.

ಮಟ್ಟ ನೋಡ್ಲಿಕ್ಕೆ ಮೇಸ್ತ್ರಿಯ ನೀರಿನ ಟ್ಯೂಬ್ ಸಾಕಾಯ್ತು, ಉದ್ದಕ್ಕೆ 1 ಎಂಎಂ ಒಳಗೆ ಬಂತು. ಆದ್ರೆ ಮಟ್ಟ ಬೇರೆ, ಸಪಾಟು ಬೇರೆ. ಅಲ್ಯೂಮಿನಿಯಂ ಪಟ್ಟಿ ಅಡ್ಡ ಇಟ್ಟು ಕೆಳಗೆ ಟಾರ್ಚ್ ಹಿಡಿದಾಗ ನಡುವಲ್ಲಿ ಬೆಳಕು ಕಂಡಿತು, 2 ಎಂಎಂ ತಗ್ಗು. ಮೇಲಿಂದ ಸಿಮೆಂಟಿನ ತೆಳು ಗಾರೆ ಎಳೆದು ಉಜ್ಜಿ ಸರಿ ಮಾಡಿದ್ರು. ಅದರ ಮೇಲೆ 10 ಎಂಎಂ ಫೋಮ್ ಶೀಟ್. ಸ್ಲ್ಯಾಬಿಗೆ ಪೂರ್ತಿ 28 ದಿನ ಕ್ಯೂರಿಂಗ್ ಕೊಟ್ಟ ಮೇಲೆಯೇ ಭಾರ ಇಟ್ಟದ್ದು.

ಹಂತ 6: ಕಲ್ಲು, ಹೊಯಿಗೆ (ಜೂನ್‌ನಿಂದ ಸೆಪ್ಟೆಂಬರ್)

ಲೈವ್ ರಾಕ್ ಇಲ್ಲ, ಆಮದು ಡ್ರೈ ರಾಕ್ ಕೆಜಿ ಲೆಕ್ಕದಲ್ಲಿ ಕೈ ಸುಡ್ತದೆ. ಹಾಗಾಗಿ ಕಲ್ಲು ಮನೆಯಲ್ಲೇ ಮಾಡಿದೆ. ಬಿಳಿ ಸಿಮೆಂಟ್, ಪುಡಿ ಮಾಡಿದ ಮರುವಾಯಿ ಚಿಪ್ಪು, ಕಲ್ಲುಪ್ಪು. ಸಿಮೆಂಟ್ ತಗೊಳ್ಳುವಾಗ ಬರೀ ಬಿಳಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ತಗೊಳ್ಳಿ, ಗೋಡೆಗೆ ಬಳಿಯುವ ಪುಟ್ಟಿ ಅಲ್ಲ. ಉಪ್ಪು ಆಮೇಲೆ ಕರಗಿ ಹೋಗಿ ತೂತು ತೂತು ಆಗ್ತದೆ, ಆ ತೂತುಗಳಲ್ಲೇ ಬ್ಯಾಕ್ಟೀರಿಯಾ ಕೂರುದು.

ಮೊದಲ ಸಲ ಒಂದು ಪಾಲು ಸಿಮೆಂಟಿಗೆ ಎರಡು ಚಿಪ್ಪು, ನಾಲ್ಕು ಉಪ್ಪು ಹಾಕಿದೆ. ಒಣಗಿದಾಗ ಚೆನ್ನಾಗಿ ಕಂಡಿತು, ನೀರಿಗೆ ಹಾಕಿ ಉಪ್ಪು ಕರಗಿದ ಮೇಲೆ ಕೈಯಲ್ಲಿ ಹಿಡಿದ್ರೆ ಹುಡಿ ಹುಡಿ. ಎಲ್ಲ ತೆಂಗಿನ ಗುಂಡಿಗೆ ಹೋಯ್ತು. ಎರಡನೇ ಸಲ 1:2:2, ನೀರು ಆದಷ್ಟು ಕಮ್ಮಿ, ಉಂಡೆ ಕಟ್ಟಿದ್ರೆ ನಿಲ್ಲುವಷ್ಟೇ. ಅಚ್ಚಿಗೆ ಬೇರೆ ಎಂತ ಬೇಡ, ದೊಡ್ಡ ತಟ್ಟೆಯಲ್ಲಿ ಒದ್ದೆ ಕಲ್ಲುಪ್ಪು ರಾಶಿ ಹಾಕಿ ಅದರಲ್ಲಿ ಕೈಯಿಂದ ಗುಂಡಿ, ಸುರಂಗ ಮಾಡಿ ಮಿಶ್ರಣ ತುಂಬಿಸುದು. ಎರಡು ದಿನ ಬಿಟ್ಟು ತೆಗೆದ್ರೆ ಅಡಿ ಮೇಲೆ ಎಲ್ಲ ಒರಟಾಗಿ, ಚಿಪ್ಪಿನ ಚೂರು ಅಲ್ಲಲ್ಲಿ ಹೊಳೆಯುತ್ತಾ, ನೋಡ್ಲಿಕ್ಕೆ ನಿಜವಾದ ಸಮುದ್ರದ ಬಂಡೆಯೇ.

ಹೊಸ ಸಿಮೆಂಟಿನ ನೀರಿನ ಪಿಎಚ್ 11ರ ಮೇಲೆ ಇರ್ತದೆ, ಹಾಗೇ ಟ್ಯಾಂಕಿಗೆ ಹಾಕಿದ್ರೆ ಎಲ್ಲ ಸಾಯ್ತದೆ. ನೀರು ಬದಲಿಸ್ತಾ ಎರಡು ತಿಂಗಳು ನೆನೆಸ್ಬೇಕು ಅಂತ ಎಲ್ಲರೂ ಹೇಳುದು. ನಮಗೆ ಅದಕ್ಕೆ ಒಂದು ಸೌಕರ್ಯ ಉಂಟು: ಹಂಚಿನ ಮಾಡಿನ ನೀರು ಬೀಳುವಲ್ಲಿ ಸಾಲಾಗಿ ಜೋಡಿಸಿ ಇಟ್ಟೆ, ಜೂನ್‌ನಿಂದ ಇಡೀ ಮಳೆ ಅದರ ಮೇಲೆ ಸುರೀತು. ಸೆಪ್ಟೆಂಬರ್ ಕೊನೆಗೆ ಬಕೆಟಿನಲ್ಲಿ ಹಾಕಿ ವಾರ ಬಿಟ್ಟು ನೋಡಿದಾಗ ಪಿಎಚ್ 8.3. ಪಾಚಿ ಹಿಡಿದದ್ದನ್ನು ಬ್ರಷ್ ಹಾಕಿ ತಿಕ್ಕಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದೆ, ಅಷ್ಟೆ.

ಹೊಯಿಗೆ ವಿಷಯದಲ್ಲಿ ಉಳಿತಾಯ ಬೇಡ. ಬೀಚಿನಿಂದ ಎತ್ತುದು ತಪ್ಪು ಅದು ಒಂದು, ಎರಡನೇದು ಇಲ್ಲಿಯ ಹೊಯಿಗೆಯಲ್ಲಿ ಕಪ್ಪು ಕಣ ಉಂಟು, ಅಯಸ್ಕಾಂತ ಹಿಡಿದ್ರೆ ಅಂಟುತ್ತದೆ. ಅದು ಟ್ಯಾಂಕಿನಲ್ಲಿದ್ರೆ ಗ್ಲಾಸ್ ಉಜ್ಜುವ ಮ್ಯಾಗ್ನೆಟಿಗೆ ಅಂಟಿ ಗ್ಲಾಸಿಗೆ ಗೀರು, ಪಂಪಿನ ಒಳಗೆ ಹೋಗಿ ಮ್ಯಾಗ್ನೆಟ್ ಸವೆತ. ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್) ಹೊಯಿಗೆಯೇ 60 ಕೆಜಿ ತರಿಸಿದೆ, 4 ಸೆಂಟಿಮೀಟರ್ ದಪ್ಪಕ್ಕೆ ಸಾಕು.

ಹಂತ 7: ಗ್ಲಾಸ್ (ಅಕ್ಟೋಬರ್)

15 ಎಂಎಂ ಫ್ಲೋಟ್ ಗ್ಲಾಸ್. ಟಫನ್ಡ್ ಅಲ್ಲ, ಅದಕ್ಕೆ ಆಮೇಲೆ ತೂತು ಕೊರೆಯಲಿಕ್ಕೆ ಆಗುದಿಲ್ಲ. ಮೇಲೆ ಸುತ್ತ 75 ಎಂಎಂ ಅಗಲದ ಬ್ರೇಸ್, ನಡುವೆ ಒಂದು ಅಡ್ಡಪಟ್ಟಿ. ಕಟ್ಟಿದ ಟ್ಯಾಂಕ್ ಬಾಗಿಲಲ್ಲಿ ತಿರುಗಿಸುದು ಆಗುವ ಮಾತಲ್ಲ, ಗ್ಲಾಸ್ ಬಿಡಿ ಬಿಡಿಯಾಗಿ ತಂದು ಕಟ್ಟೆಯ ಮೇಲೆಯೇ ಅಂಟಿಸಿದ್ದು. ಅಂಚು ಪಾಲಿಶ್ ಆಗಿ ಬರ್ಬೇಕು, ಜಾಯಿಂಟಿನಲ್ಲಿ ಸಿಲಿಕೋನ್ ಹಿಂಡಿ ಹೊರಗೆ ಹೋಗದ ಹಾಗೆ 2 ಎಂಎಂ ಸ್ಪೇಸರ್ ಇಟ್ಟು ಅಂಟಿಸ್ಬೇಕು. ಫಂಗಸ್ ನಿರೋಧಕ ಅಂತ ಬರೆದ ಬಾತ್‌ರೂಮ್ ಸಿಲಿಕೋನ್ ಬೇಡ, ಅದರ ಮದ್ದು ಮೀನಿಗೂ ವಿಷ. ಸಿಲಿಕೋನ್ ಗಟ್ಟಿ ಆಗುದು ಗಾಳಿಯ ತೇವದಿಂದ, ನಮ್ಮಲ್ಲಿ ಅದಕ್ಕೆ ಬರಗಾಲ ಇಲ್ಲ, ಆದ್ರೂ ಎರಡು ವಾರದ ಮೇಲೆಯೇ ನೀರು ಮುಟ್ಟಿಸಿದ್ದು.

ಟೆಸ್ಟಿಗೆ ಬಾವಿ ನೀರು, 20 ಸೆಂಟಿಮೀಟರ್ ಏರಿಸಿ ಒಂದು ದಿನ ನಿಲ್ಲಿಸಿ, ಮತ್ತೆ 20. ತುಂಬಿದಾಗ ಮುಂದಿನ ಗ್ಲಾಸ್ ನಡುವಲ್ಲಿ 1 ಎಂಎಂ ಉಬ್ಬು, ಅದು ಸರಿಯೇ. ಜಾಯಿಂಟ್ ಎಲ್ಲ ಒಣ. ಆದ್ರೆ ಓವರ್‌ಫ್ಲೋ ಬಲ್ಕ್‌ಹೆಡ್‌ನಲ್ಲಿ (ಹೆಚ್ಚಿನ ನೀರು ಸಂಪಿಗೆ ಇಳಿಯುವ ಪೈಪನ್ನು ಗ್ಲಾಸಿನ ತೂತಿಗೆ ಸೇರಿಸುವ ಜೋಡಣೆ) ಬೆಳಿಗ್ಗೆ ಒಂದು ಹನಿ ನೇತಾಡ್ತಾ ಇತ್ತು. ಬಿಗಿ ಮಾಡಿದ್ರೆ ಇನ್ನೂ ಹೆಚ್ಚು. ನೀರು ಇಳಿಸಿ ಬಿಚ್ಚಿದಾಗ ಕಂಡದ್ದು, ರಬ್ಬರ್ ವಾಷರನ್ನು ನಟ್ ಕಡೆ ಹಾಕಿದ್ದು. ಅದು ಯಾವಾಗಲೂ ಅಗಲ ತಲೆಯ ಕಡೆ, ನೀರಿನ ಬದಿಗೆ ಇರ್ಬೇಕು. ಮೂರನ್ನೂ ಬಿಚ್ಚಿ ಹಾಕಿ, ಕೈಯಲ್ಲಿ ಬಿಗಿ ಮಾಡಿ ಮೇಲೆ ಕಾಲು ಸುತ್ತು ಮಾತ್ರ. ಮತ್ತೆ ಸೋರ್ಲಿಲ್ಲ.

ಓವರ್‌ಫ್ಲೋಗೆ ಮೂರು ಪೈಪ್: ಒಂದು ಗೇಟ್ ವಾಲ್ವ್ ಹಾಕಿದ ಸೈಫನ್, ಒಂದು ಓಪನ್, ಒಂದು ಎಮರ್ಜೆನ್ಸಿ. ಸದ್ದು ಬಹಳ ಕಮ್ಮಿ.

ಸಂಪಿನಲ್ಲಿ ಎಲ್ಲರೂ ಮರೆಯುವ ಲೆಕ್ಕ ಬರೀತೇನೆ. ಕರೆಂಟು ಹೋಗಿ ಪಂಪ್ ನಿಂತಾಗ ಟ್ಯಾಂಕಿನ ಮೇಲಿನ ನೀರು ಸಂಪಿಗೆ ಇಳೀತದೆ. ಈ ಟ್ಯಾಂಕಿನಲ್ಲಿ 1 ಸೆಂಟಿಮೀಟರ್ ಇಳಿದ್ರೆ ಸುಮಾರು 13 ಲೀಟರ್. ರಿಟರ್ನ್ ನಾಝಲ್ ಎಷ್ಟು ಕೆಳಗೆ ಉಂಟೋ ಅಷ್ಟು ನೀರು ಹಿಂದೆ ಬರ್ತದೆ. ನನ್ನ ನಾಝಲ್ 2 ಸೆಂಟಿಮೀಟರ್ ಕೆಳಗೆ, ಅದು, ಓವರ್‌ಫ್ಲೋ ಪೆಟ್ಟಿಗೆ, ಪೈಪ್ ಎಲ್ಲ ಸೇರಿ 45 ಲೀಟರ್ ಅಂತ ಲೆಕ್ಕ ಬಂತು. ಸಂಪ್ 120x45x45, ಓಡುವಾಗ ನೀರು 25 ಎತ್ತರ, ಮೇಲೆ ಸುಮಾರು 100 ಲೀಟರ್ ಜಾಗ ಖಾಲಿ. ಪಂಪ್ ಆಫ್ ಮಾಡಿ ನೋಡಿದಾಗ 9 ಸೆಂಟಿಮೀಟರ್ ಏರಿ ನಿಂತಿತು, ಲೆಕ್ಕ ಸರಿ ಬಂತು. ಇದನ್ನು ಬಾವಿ ನೀರಿನಲ್ಲೇ ಮಾಡಿ ನೋಡಿ, ಉಪ್ಪುನೀರು ನೆಲದಲ್ಲಿ ಹರಿದ ಮೇಲೆ ಅಲ್ಲ.

ಹಂತ 8: ಉಪ್ಪು ಹಾಕಿದ್ದು (ನವೆಂಬರ್)

ಲೀಟರಿಗೆ 36 ಗ್ರಾಂ ಹತ್ರ, ಒಟ್ಟು 29 ಕೆಜಿ ಹೋಯ್ತು. ನೀರಿಗೆ ಉಪ್ಪು ಹಾಕ್ಬೇಕು, ಉಪ್ಪಿಗೆ ನೀರಲ್ಲ, ಇಲ್ಲದಿದ್ರೆ ಕ್ಯಾಲ್ಸಿಯಂ ಬಿಳಿ ಹುಡಿಯಾಗಿ ಅಡಿಗೆ ಕೂರ್ತದೆ. ರಿಫ್ರಾಕ್ಟೋಮೀಟರನ್ನು 35ರ ಕ್ಯಾಲಿಬ್ರೇಶನ್ ದ್ರಾವಣದಲ್ಲೇ ಸರಿ ಮಾಡಿ, ಆರ್‌ಓ ನೀರಿನಲ್ಲಿ ಸೊನ್ನೆ ತೋರಿಸಿದ ನನ್ನದು 35ರಲ್ಲಿ 33 ತೋರಿಸ್ತಿತ್ತು.

ಖರ್ಚು: ಕಟ್ಟೆ, ಪಾಯ, ಸ್ಲ್ಯಾಬ್ 32,000. ಗ್ಲಾಸ್, ಸಂಪ್, ಕೂಲಿ ಸೇರಿ 88,000. ಪೈಪ್ ಕೆಲಸ 9,500. ರಿಟರ್ನ್ ಪಂಪ್ 14,000, ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕಸ ತೆಗೆಯುವ ಯಂತ್ರ) 28,000, ಚಿಲ್ಲರ್ 46,000, ವೇವ್‌ಮೇಕರ್ ಎರಡಕ್ಕೆ 15,000, ಲೈಟ್ ಮೂರಕ್ಕೆ 45,000. ಆರ್‌ಓ ಡಿಐ 13,500. ಇನ್ವರ್ಟರ್ ಬ್ಯಾಟರಿ 27,000, ವಯರಿಂಗ್ ಅರ್ತಿಂಗ್ 14,000. ಉಪ್ಪು 18,000, ಇದರಲ್ಲಿ ಮುಂದಿನ ನೀರು ಬದಲಿಸ್ಲಿಕ್ಕೂ ಉಂಟು. ಕಲ್ಲು ಹಾಳಾದದ್ದು ಸೇರಿ 6,000, ಹೊಯಿಗೆ 9,000, ಟೆಸ್ಟ್ ಕಿಟ್, ರಿಫ್ರಾಕ್ಟೋಮೀಟರ್, ಆಟೋ ಟಾಪ್‌ಅಪ್ 16,000. ಒಟ್ಟು 3,81,000. ಕರೆಂಟು ದಿನಕ್ಕೆ 10 ಯೂನಿಟ್ ಹತ್ರ ಬರುವ ಅಂದಾಜು, ಅದರಲ್ಲಿ 4 ಚಿಲ್ಲರಿಂದೇ. ಮಳೆಗಾಲದಲ್ಲಿ ಕಮ್ಮಿ ಆಗ್ತದೆ, ಮೇಯಲ್ಲಿ ಹೆಚ್ಚು.

ಈಗಿನ ಸ್ಥಿತಿ (ಡಿಸೆಂಬರ್): 26.5 ಡಿಗ್ರಿ, ಆಲ್ಕಲಿನಿಟಿ 8.4 ಡಿಕೆಎಚ್, ಕ್ಯಾಲ್ಸಿಯಂ 420, ಮೆಗ್ನೀಸಿಯಂ 1320 ಪಿಪಿಎಂ. ಅಮೋನಿಯಾ 2 ಪಿಪಿಎಂ ಬರುವ ಹಾಗೆ ಹಾಕಿದ್ದು ಈಗ 0.5ಕ್ಕೆ ಇಳಿದಿದೆ, ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡ್ತಾ ಇರುದರಿಂದ ನೈಟ್ರೈಟ್ ಏರ್ತಾ ಉಂಟು. ಕಲ್ಲಿನ ಮೇಲೆ ಕಂದು ಡಯಾಟಮ್ ಪಾಚಿ ಬಂದಿದೆ, ಅದನ್ನು ತಿಕ್ಕಲಿಕ್ಕೆ ಹೋಗ್ಲಿಲ್ಲ, ಅದಾಗಿಯೇ ಹೋಗ್ತದೆ. ಬಾಕಿ ಇರುದು: ಟ್ಯಾಂಕಿನ ಮೇಲಿನ ಬಲೆ ಮುಚ್ಚಳ, ಬೇರೆ ಕ್ವಾರಂಟೈನ್ ಟ್ಯಾಂಕ್ ಒಂದು 100 ಲೀಟರ್, ಮತ್ತೆ ಚಿಲ್ಲರಿನ ಮೇಲೆ ಮಳೆ ಇರಚಲು ಬೀಳದ ಹಾಗೆ ಶೀಟ್. ಕ್ವಾರಂಟೈನ್ ತಯಾರಾದ ಮೇಲೆ ಎರಡು ಕ್ಲೌನ್ ಮರಿ ತರುದು, ಅದರ ಮೊದಲು ಅಲ್ಲ.